ದನಕ್ಕೆ ಹೆದರುವ ಮಾಸ್ತರರೂ ನಮ್ಮ ಕರುಗಳ ಸಂಘವೂ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ವಾಡಿ ಸ್ಟೇಶನ್ನಿನಲ್ಲಿ, ಬಿಸಿ ಮಿರ್ಚಿ ಭಜಿಯ ಪೊಟ್ಟಣ ಕೈಯಲ್ಲಿದ್ದಾಗ. ಹೇಳಿದವನು ಮಲ್ಲಣ್ಣ. ಚಿತ್ತಾಪುರದ ಶಾಲೆಯಲ್ಲಿ ನನ್ನ ಜೊತೆ ಕಲಿತವನು, ಈಗ ಮೊಮ್ಮಕ್ಕಳ ಅಜ್ಜ.

"ನಮ್ಮ ಮಾಸ್ತರ್ರು ಹೋದ್ರು ಸಂಗವ್ವ," ಎಂದ. "ಊಟ ಮಾಡಿದ್ರಂತ. ಇನ್ನೊಂದೀಟು ಮಜ್ಜಿಗಿ ತಾ ಅಂದ್ರಂತ. ಸೊಸಿ ಒಳಗ ಹೋಗಿ ಬರೂದ್ರಾಗ ಹೋಗೇ ಬಿಟ್ರು."

ನಾನು ಭಜಿಯ ಪೊಟ್ಟಣವನ್ನು ಅವನ ಕಡೆ ಚಾಚಿದೆ. ಆಮೇಲೆ ಮಲ್ಲಣ್ಣ, "ಊಟ ಮುಗದಿತ್ತು, ಅದೊಂದು ಚಲೋ ಆತು," ಎಂದ. ನನಗೆ ನಗು ತಡೆಯಲಾಗಲಿಲ್ಲ. ಅವನಿಗೂ ಆಗಲಿಲ್ಲ. ಸಾವಿನ ಸುದ್ದಿ ಹಂಚಿಕೊಂಡು ಕಣ್ಣೀರು ಬರುವಂತೆ ನಗುತ್ತಿದ್ದ ಮುದುಕ ಮುದುಕಿಯನ್ನು ಬೆಂಚಿನ ಮೇಲಿದ್ದವರು ಒಂದಿಷ್ಟು ಸರಿದು ಕೂತು ನೋಡಿದರು.

ಅವರ ಬಗ್ಗೆ ಗಂಭೀರವಾಗಿ ಬರೆಯುವುದು ಕಷ್ಟ. ಹೆಸರು ಹೇಳುವುದಿಲ್ಲ. ಅವರ ಮಕ್ಕಳು ಒಳ್ಳೆಯ ಹುದ್ದೆಗಳಲ್ಲಿದ್ದಾರೆ. ತಮ್ಮ ತಂದೆ ಐನಾಪುರದಲ್ಲಿ ದನಗಳಿಗೆ ಮೇವು ಹಾಕುವ ಗೋದಲಿಯ ಮೇಲೆ ಹತ್ತಿ ನಿಂತಿದ್ದನ್ನು ಅಚ್ಚಿನಲ್ಲಿ ಓದಿ ಖುಷಿಪಡುವ ಜಾತಿಯವರಂತೆ ಅವರು ಕಾಣುವುದಿಲ್ಲ.

ಪೊಲೀಸ್ ಆ್ಯಕ್ಷನ್ ಮುಗಿದು ಕೆಲವು ವರ್ಷ ಆಗಿತ್ತು. ನಿಜಾಮರ ಕಾಲದ ಉರ್ದು ಶಾಲೆಗಳೆಲ್ಲ ಒಂದೊಂದಾಗಿ ಕನ್ನಡಕ್ಕೆ ತಿರುಗುತ್ತಿದ್ದವು. ನಮ್ಮ ಮಾಸ್ತರರು ಹುಟ್ಟಿದ್ದು ನಾಲವಾರದಲ್ಲಿ, ಮಾತು ಅಚ್ಚ ಕನ್ನಡ. ಆದರೆ ಕಲಿತದ್ದೆಲ್ಲ ಉರ್ದುವಿನಲ್ಲಿ. ಲೆಕ್ಕವನ್ನು ಬಾಯೊಳಗೆ ಉರ್ದುವಿನಲ್ಲಿ ಮಾಡಿ ಉತ್ತರವನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಿದ್ದರು. ಭೂಗೋಳಕ್ಕೆ ಜುಗ್ರಾಫಿಯಾ ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡು, "ಅದೇ, ಆ ನೆಲದ ಶಾಸ್ತ್ರ," ಎಂದು ತಿದ್ದುತ್ತಿದ್ದರು. ಆರಡಿ ಎತ್ತರ, ಮೈಮೇಲೆ ಮಾಂಸವೆಂಬುದಿಲ್ಲ, ಗುಂಡಿಗಳೆಲ್ಲ ಉದುರಿದ ಕರಿ ಕೋಟು, ಮೂಗಿಗೆ ಸದಾ ನಶ್ಯ. ಸೈಕಲ್ಲಿತ್ತು, ಹತ್ತುತ್ತಿರಲಿಲ್ಲ, ನೂಕಿಕೊಂಡು ನಡೆಯುತ್ತಿದ್ದರು. ಯಾಕೆಂದು ಕೇಳಿದರೆ, "ಹತ್ತಿ ಕುಂತ್ರ ಮಂದಿ ಜೋಡಿ ಮಾತಾಡ್ಲಿಕ್ಕ ಆಗಂಗಿಲ್ಲ," ಎನ್ನುತ್ತಿದ್ದರು. ಅವರಿಗೆ ಸೈಕಲ್ ಬರುತ್ತಿರಲಿಲ್ಲ ಎಂಬುದು ಊರಿಗೇ ಗೊತ್ತಿತ್ತು.

ಚಿತ್ತಾಪುರದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಅವರ ಬಿಡಾರ. ಭಾನುವಾರ ರೈಲು ಹತ್ತಿ ನಾಲವಾರಕ್ಕೆ ಹೋಗಿ ಹೆಂಡತಿ ಮಕ್ಕಳನ್ನು ನೋಡಿ ಬರುತ್ತಿದ್ದರು. ಉಳಿದ ದಿನ ನಮ್ಮವ್ವನೇ ಒಂದೆರಡು ರೊಟ್ಟಿ ಹೆಚ್ಚು ಬಡಿಯುತ್ತಿದ್ದಳು. ಅವ್ವನಿಗೂ ಅವರಿಗೂ ದಿನಾ ಜಗಳ. ಅವರ ನಶ್ಯದ ಸೀನಿಗೆ ತೊಟ್ಟಿಲಲ್ಲಿದ್ದ ನನ್ನ ತಮ್ಮ ಎಚ್ಚರವಾಗುತ್ತಿದ್ದ, ಅದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಆಕಳು.

ಮಾಸ್ತರರಿಗೆ ದನವೆಂದರೆ ಪ್ರಾಣಭಯ. ಅವರ ಖೋಲಿಯಿಂದ ಬಾವಿಗೆ ಹೋಗಬೇಕೆಂದರೆ ಆಕಳು ಕಟ್ಟಿದ ಅಂಗಳ ದಾಟಬೇಕಿತ್ತು. ಬೆಳಿಗ್ಗೆ ಎದ್ದು ಬಾಗಿಲ ಸಂದಿಯಿಂದ ಮೂಗಷ್ಟನ್ನೇ ಹೊರಗೆ ಹಾಕಿ ಕೂಗುತ್ತಿದ್ದರು:

"ಅಕ್ಕಾರ, ಆಕಳಾ ಗಟ್ಟಿ ಕಟ್ಟೀರೇನ್ರಿ?"

"ಕಟ್ಟೀನ್ರಿ ಮಾಸ್ತರ. ಬರ್ರಿ ಹೊರಗ. ತಿನ್ಲಿಕ್ಕ ನಿಮ್ಮ ಮೈಯಾಗ ಏನದ ಅಂತ ಅದು ನಿಮ್ಮ ಗೊಡವಿಗಿ ಬರ್ತದ?"

ಈ ಭಯಕ್ಕೆ ಅವರು ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಡುತ್ತಿದ್ದರು. ಸಣ್ಣವನಿದ್ದಾಗ ಹೋರಿ ಎತ್ತಿ ಒಗೆದಿತ್ತು ಎಂದು ನನಗೆ. ಕೊಂಬಿನಿಂದ ಗಂಡಾಂತರವಿದೆ ಎಂದು ಜೋಯಿಸರು ಹೇಳಿದ್ದಾರೆಂದು ಮಲ್ಲಣ್ಣನಿಗೆ. ಅವ್ವ ಕೇಳಿದಾಗ ಮಾತ್ರ ಕೈ ಮುಗಿದು, "ಅದು ಸಾಕ್ಷಾತ್ ಬಸವಣ್ಣ. ಅದರ ಜೋಡಿ ಸಲಿಗಿ ಮಾಡಬಾರದು ನೋಡ್ರಿ," ಎಂದಿದ್ದರು. ಅವ್ವ ಆ ದಿನವಿಡೀ ನಗುತ್ತಲೇ ಕೆಲಸ ಮಾಡಿದಳು.

ಇಂಥವರು ದನದ ಉಸಾಬರಿಗೆ ಬಿದ್ದದ್ದು ಕಿವಿ ಕೊಟ್ಟು ಕೇಳದ ತಪ್ಪಿಗೆ. ಸೇಡಂನಲ್ಲಿ ಸರಕಾರದವರು ದನಗಳ ಪ್ರದರ್ಶನ ಇಡುತ್ತಾರೆ, ಅದರಲ್ಲಿ ಮಕ್ಕಳೇ ಸಾಕಿದ ಕರುಗಳಿಗೆ ಬೇರೆ ಪಂಕ್ತಿ ಇರುತ್ತದೆ, ಶಾಲೆಯಿಂದ ಮಕ್ಕಳನ್ನು ತಯಾರು ಮಾಡಲು ಒಬ್ಬ ಮಾಸ್ತರು ಬೇಕು ಎಂದು ಹೆಡ್ ಮಾಸ್ತರರು ಸಭೆಯಲ್ಲಿ ಹೇಳಿದರಂತೆ. ನಮ್ಮವರು ನಿದ್ದೆಗಣ್ಣಿನಲ್ಲಿದ್ದರು. ಪ್ರದರ್ಶನ ಎಂಬ ಒಂದೇ ಮಾತು ಕಿವಿಗೆ ಬಿದ್ದು, ಚಿತ್ರಗಳದ್ದಿರಬೇಕೆಂದು ಕೈ ಎತ್ತಿಬಿಟ್ಟರು. ಚಿತ್ರ ಬಿಡಿಸುವುದರಲ್ಲಿ ಅವರದು ಒಳ್ಳೆಯ ಕೈ. ವಿಷಯ ತಿಳಿದ ಮೇಲೆ ಕೈ ಇಳಿಸಲು ಮಾನ ಅಡ್ಡ ಬಂತು.

ಆ ದಿನದಿಂದ ನಮ್ಮ ಮನೆಯ ಮುಂದೆ ಸಂಜೆ ಕರುಗಳ ಶಾಲೆ ಶುರುವಾಯಿತು. ನಾವು ಆರೇಳು ಮಕ್ಕಳು ಕರು ಹಿಡಿದುಕೊಂಡು ಕೆಳಗೆ, ಮಾಸ್ತರರು ಎತ್ತರದ ಕಟ್ಟೆಯ ಮೇಲೆ. ಅಲ್ಲಿಂದಲೇ ಉದ್ದನೆಯ ಕೋಲಿನಿಂದ ತೋರಿಸುತ್ತ, ರೈತರಿಂದ ಕೇಳಿ ತಿಳಿದದ್ದನ್ನೆಲ್ಲ ಕಲಿಸುತ್ತಿದ್ದರು. "ಹಗ್ಗ ಎಳೀಬ್ಯಾಡ್ರೋ! ಎಳದ್ರ ಅದೂ ಎಳೀತದ. ಬೆನ್ನು ತಿರುಗಿಸಿ ಸುಮ್ಮ ಮುಂದ ನಡೀರಿ, ಹಿಂದಿಂದ ಬರ್ತದ." ಯಾವುದಾದರೂ ಕರು ಕಟ್ಟೆಯ ಕಡೆ ತಲೆ ತಿರುಗಿಸಿದರೆ ಪಾಠ ಅಲ್ಲಿಗೇ ನಿಂತು, ಮಾಸ್ತರರು ಖೋಲಿಯ ಒಳಗಿನಿಂದ, "ಸಂಗೀ, ಅದನ್ನ ಆಕಡಿ ಒಯ್ಯಿ," ಎಂದು ಕೂಗುತ್ತಿದ್ದರು.

ನನ್ನದು ಹೆಣ್ಣುಗರು, ದೇವಣಿ ತಳಿಯದು. ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪು. ಕರಿಮಾರಿ ಎಂದು ಕರೆಯುತ್ತಿದ್ದೆ. ಮಲ್ಲಣ್ಣನದು ಖಿಲಾರಿ ತಳಿಯ ಹೋರಿಗರು. ತೆಳ್ಳಗೆ, ಬೆಳ್ಳಗೆ, ಓಡಲೆಂದೇ ಹುಟ್ಟಿದ್ದು. ಹೆಸರು ರಾಜಾ. ಮಲ್ಲಣ್ಣನ ತಂದೆ ಕಾಳುಕಡಿಯ ಅಡತಿ ಅಂಗಡಿಯ ಸಾಹುಕಾರರು, ದೂರದಿಂದ ತರಿಸಿದ್ದರು. ಮಲ್ಲಣ್ಣ ಮಾತು ಕಡಿಮೆಯ ಹುಡುಗ. ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಮಾಸ್ತರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ ಅವನ ಬಾಳ್ವೆ. ಆ ಕರುವಿನ ಜೊತೆ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಿದ್ದ.

ಪ್ರದರ್ಶನಕ್ಕೆ ಒಂದು ನಿಯಮವಿತ್ತು. ಮಕ್ಕಳು ತಾವಾಗಿಯೇ ಬರುವಂತಿಲ್ಲ, ಯಾವುದಾದರೊಂದು ತಳಿ ಸಂಘದ ಬಾಲ ಸದಸ್ಯರಾಗಿ ಬರಬೇಕು. ನಮ್ಮ ಭಾಗದಲ್ಲಿ ಅಂಥವು ಎರಡು. ಒಂದು ಶಹಾಬಾದದ ಧಣಿಗಳದು, ಖಿಲಾರಿಗೆ. ಅವರ ಜಾಗೀರು ಸರಕಾರಕ್ಕೆ ಹೋಗಿತ್ತು. ಅಧ್ಯಕ್ಷರಾಗಿ ಕೂರಲು ಏನಾದರೊಂದು ಬೇಕಿತ್ತು, ಸಂಘ ಕಟ್ಟಿದ್ದರು. ದೇವಣಿಯ ಮಕ್ಕಳು ಬಂದರೂ ಜಾಗ ಮಾಡುತ್ತೇವೆ ಎಂದು ಹೇಳಿಕಳಿಸಿದ್ದರು. ಇನ್ನೊಂದು ಚಿಂಚೋಳಿ ತಾಲೂಕಿನ ಐನಾಪುರದ ಗೌಡತಿಯದು, ದೇವಣಿಗೆ ಮಾತ್ರ.

ಎಲ್ಲ ಮನೆಗಳಲ್ಲೂ ಧಣಿಗಳ ಸಂಘವೆಂದು ಮೊದಲೇ ನಿಶ್ಚಯವಾಗಿತ್ತು. ಧಣಿಗಳು ಶಾಲೆಯ ಸಮಿತಿಯಲ್ಲೂ ಇದ್ದರು. ಮಾಸ್ತರರು ಒಪ್ಪಲಿಲ್ಲ.

"ಸಂಘ ಅಂದ್ರ ಏನು? ಸೋಬತಿ. ಯಾರ ಸೋಬತಿ ಮಾಡಬೇಕು ಅಂತ ಮಕ್ಕಳೇ ನೋಡ್ಲಿ. ಹೋಗಿ ಕೇಳಾಮು. ಪ್ರದರ್ಶನದ ದಿನ ಹಗ್ಗ ಯಾರ ಕೈಯಾಗ ಇರ್ತದ? ಸೋತ್ರ ಯಾಕ ಸೋತ್ವಿ ಅಂತ ಯಾರು ಹೇಳ್ತಾರ? ಎಲ್ಲಾ ಮುಗದ ಮ್ಯಾಲ ಕರ ಯಾರ ಮನಿಗಿ ಹೋಗ್ತದ? ಈ ಮೂರು ಕೇಳ್ರಿ. ಉಳದದ್ದು ನಾ ನೋಡ್ಕೋತೀನಿ."

ಉಳಿದದ್ದೆಂದರೆ ಊಟ. ಅದು ನಮಗೆ ಶಹಾಬಾದದಲ್ಲಿ ತಿಳಿಯಿತು.

ಧಣಿಗಳ ಮನೆ ನುಣ್ಣನೆಯ ಶಹಾಬಾದಿ ಕಲ್ಲಿನದು; ಕಾಲಿಟ್ಟರೆ ತಂಪು ಮೇಲೇರುತ್ತಿತ್ತು. ದೂಳು ತುಂಬಿದ ನಮ್ಮ ಕಾಲುಗಳನ್ನು ಆಳುಗಳು ತೊಳೆಸಿದರು. ಒಬ್ಬೊಬ್ಬರಿಗೂ ರೇಶಿಮೆಯ ರುಮಾಲು ತೋರಿಸಿದರು, ಸೇಡಂನಲ್ಲಿ ಕಟ್ಟಿಕೊಳ್ಳಲು. ಹಿತ್ತಾಳೆಯ ಬಿಲ್ಲೆ ತೋರಿಸಿದರು, ಎದೆಗೆ ಚುಚ್ಚಿಕೊಳ್ಳಲು. ಆಮೇಲೆ ತುಪ್ಪದಲ್ಲಿ ತೇಲುವ ಹೋಳಿಗೆಯ ಊಟ. ಮಾಸ್ತರರು ಉಂಡರು. ಬಡಿಸುವವನು ಸುಸ್ತಾಗಿ ಇನ್ನೊಬ್ಬನನ್ನು ಕಳಿಸುವವರೆಗೆ ಉಂಡರು. ನಂತರ ಕೈ ತೊಳೆದು, ಸೀನಿ, ನನ್ನ ಬೆನ್ನಿಗೆ ತಿವಿದರು. ನಾನೇ ಎದ್ದು ನಿಂತು ಕೇಳಿದೆ.

ಧಣಿಗಳು ಜೋಕಾಲಿಯ ಮೇಲಿದ್ದರು. ಒಳ್ಳೆಯ ನಗುವಿನ ಮನುಷ್ಯ. "ಹಗ್ಗ ನಮ್ಮ ಆಳುಗಳು ಹಿಡೀತಾರ, ತಂಗಿ. ದೊಡ್ಡ ಮಂದಿ ಮುಂದ ಕರ ಜಿಗದಾಡಿದ್ರ ಮಾನ ಹೋಗ್ತದ. ನೀವು ರುಮಾಲು ಸುತಗೊಂಡು ಬಾಜೂಕ ನಿಂದ್ರಿ. ನೀ ಹುಡುಗಿ, ಆರತಿ ತಟ್ಟಿ ಹಿಡಿ, ಭಾಳ ಚಂದ ಕಾಣ್ತದ."

"ಸೋತ್ರ ಏನ್ರಿ?"

"ನಮ್ಮವರು ಸೋಲಂಗೇ ಇಲ್ಲ."

"ಮುಗದ ಮ್ಯಾಲ ಕರ ಯಾರ ಮನಿಗಿ ಹೋಗ್ತದ್ರಿ?"

ಧಣಿಗಳು ಇನ್ನೂ ಚೆಂದ ನಕ್ಕರು. "ಅದು ಆಮ್ಯಾಲಿನ ಮಾತು. ಆಮ್ಯಾಲ ನೋಡಾಮು." ನಮ್ಮನ್ನು ಹೊರಗೆ ಕಳಿಸಿ ಮಾಸ್ತರರನ್ನು ಸ್ವಲ್ಪ ಹೊತ್ತು ಒಳಗೆ ಇಟ್ಟುಕೊಂಡರು. ಹೊರಗೆ ಬಂದಾಗ ಮಾಸ್ತರರ ಮುಖ ದೀಪ ಹಚ್ಚಿದಂತಿತ್ತು. ರೈಲಿನಲ್ಲಿ ಒಂದು ಮಾತೂ ಆಡಲಿಲ್ಲ. ಅದು ಅವರ ಜಾಯಮಾನವಲ್ಲ.

ಮುಂದಿನ ವಾರ ಐನಾಪುರ. ಸೇಡಂವರೆಗೆ ರೈಲು, ಅಲ್ಲಿಂದ ತೊಗರಿ ಹೊಲಗಳ ನಡುವೆ ಗಾಡಿ. ಮೈಯ ಎಲುಬೆಲ್ಲ ಬೇರೆ ಬೇರೆಯಾಗಿ ಇಳಿದೆವು. ಗೌಡತಿ ಗಂಡ ಸತ್ತ ಮೇಲೆ ಒಕ್ಕಲುತನವನ್ನೆಲ್ಲ ತಾನೇ ಹಿಡಿದು ನಡೆಸಿದ ಹೆಂಗಸು. ಬರ್ರಿ ಎನ್ನಲಿಲ್ಲ, ಕುಂದ್ರಿ ಎನ್ನಲಿಲ್ಲ. "ಮೊದಲ ಸೆಗಣಿ ಬಳೀರಿ. ಆಮ್ಯಾಲ ಮಾತು," ಎಂದಳು. ನಾವು ಬಳಿದೆವು. ಅಷ್ಟರಲ್ಲಿ ಕೊಟ್ಟಿಗೆಯಿಂದ ಒಂದು ಮುದಿ ಆಕಳು ಹಗ್ಗವಿಲ್ಲದೆ ಹೊರಗೆ ಬಂದು ಮಾಸ್ತರರ ಕೋಟನ್ನು ಮೂಸಿತು. ತಿರುಗಿ ನೋಡಿದರೆ ಮಾಸ್ತರರು ಗೋದಲಿಯ ಮೇಲಿದ್ದರು. ಆ ಎತ್ತರಕ್ಕೆ ಅವರು ಹೇಗೆ ಏರಿದರೆಂದು ಯಾರಿಗೂ ಗೊತ್ತಾಗಲಿಲ್ಲ.

"ನಿಮ್ಮ ಮಾಸ್ತರಗ ಏನಾಗ್ಯದ?" ಎಂದು ಗೌಡತಿ ನನ್ನನ್ನು ಕೇಳಿದಳು.

"ಆಕಳಿಗಿ ಅಂಜ್ತಾರ್ರಿ."

"ಅಂಜಲಿ ಬಿಡು. ಇಳದು ಬಾ ಅನ್ನು, ಅದರ ಹಲ್ಲು ಉದರ್ಯಾವ."

ಮೂರು ಪ್ರಶ್ನೆಗಳಿಗೂ ಅವಳ ಉತ್ತರ ನಿಂತಲ್ಲೇ ಬಂತು. "ಹಗ್ಗ ನಿನ್ನ ಕೈಯಾಗ. ಕರ ನಿನ್ನ ಮನಿಗಿ. ಸೋತ್ಯಂದ್ರ ಯಾಕ ಸೋತಿ ಅಂತ ನಾನೇ ಹೇಳ್ತೀನಿ, ಎಲ್ಲರ ಮುಂದ ಹೇಳ್ತೀನಿ, ಆಗ ಅಳಬಾರದು." ರುಮಾಲಿಲ್ಲ, ಬಿಲ್ಲೆಯಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ. ಮಾಸ್ತರರು ಅದನ್ನೂ ಬಿಡಲಿಲ್ಲ, ಅದು ಬೇರೆ ಮಾತು.

ಮರಳಿ ಬಂದ ಮರುದಿನ ಸಂಜೆ ಅವರು ನಮ್ಮನ್ನೆಲ್ಲ ಕಟ್ಟೆಯ ಮುಂದೆ ಕೂರಿಸಿದರು. ಆ ದಿನ ಕರುಗಳಿರಲಿಲ್ಲ, ಆದ್ದರಿಂದ ಅವರೂ ಕೆಳಗೆ ಬಂದು ಕೂತರು. ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ನನಗ ಈಗ ಖಿಲಾರಿ ಸಂಘನೇ ಚಲೋ ಕಾಣ್ಲಿಕತ್ತದ. ಯಾಕಂತ ಕೇಳ್ರಿ."

"ಯಾಕ್ರಿ?"

"ನಮ್ಮ ಹೆಡ್ ಮಾಸ್ತರ್ರು ಬರೂ ವರ್ಷ ರಿಟೈರ್ ಆಗ್ತಾರ. ನಿಮ್ಮನ್ನೆಲ್ಲ ಅಲ್ಲಿ ಸೇರಿಸಿದ್ರ ಆ ಕುರ್ಚಿ ನಿಮಗ ಅಂತ ಧಣೇರು ಅಂದಾರ. ನನಗ ಆ ಕುರ್ಚಿ ಮ್ಯಾಲ ಭಾಳ ಆಸೆ ಅದ. ನಾಲವಾರದಾಗ ನನ್ನ ಮಾವಗ ಒಂದ್ಸಲ ಅದರ ಮ್ಯಾಲ ಕುಂತು ತೋರಸಬೇಕು ಅಂತ. ಅದಕ್ಕ ಇವತ್ತ ನಾ ಏನರ ಹೇಳಿದ್ರ ನನ್ನ ಮಾತು ಅಲ್ಲ ಅದು, ಕುರ್ಚಿ ಮಾತು. ತಿಳೀತೇನು? ನಾ ಒಳಗ ಹೋಗ್ತೀನಿ. ನೀವು ನೋಡಿದ್ದು ನಿಮಗ ಗೊತ್ತದ. ನೀವೇ ಆರಿಸ್ರಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಕ್ಷಣ ಬಿಟ್ಟು ಬಾಗಿಲು ತೆರೆದು, "ಜಲ್ದಿ ಮಾಡ್ರಿ, ಕುರ್ಚಿ ಮತ್ತ ಕರೀಲಿಕತ್ತದ," ಎಂದು ಮತ್ತೆ ಹಾಕಿಕೊಂಡರು.

ನನ್ನದು ತಡವಾಗಲಿಲ್ಲ. ಆರತಿ ತಟ್ಟೆ ಹಿಡಿಯುವುದಕ್ಕಾಗಿ ನಾನು ದಿನಾ ಕರಿಮಾರಿಯ ಮೈ ತಿಕ್ಕಿರಲಿಲ್ಲ. ದೇವಣಿಯ ಮಕ್ಕಳೆಲ್ಲ ನನ್ನ ಹಿಂದೆಯೇ ಐನಾಪುರ ಎಂದರು. ಉಳಿದವನು ಮಲ್ಲಣ್ಣ. ಗೌಡತಿ ಖಿಲಾರಿ ಸೇರಿಸುತ್ತಿರಲಿಲ್ಲ, ಅವನಿಗೆ ಧಣಿಗಳ ಸಂಘ ಬಿಟ್ಟರೆ ಗತಿಯಿರಲಿಲ್ಲ. ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟು, "ಹೋಗು. ಆದ್ರ ಹಗ್ಗ ನನ್ನ ಕೈಯಾಗ ಇರ್ಲಿ ಅಂತ ಅವರಿಗಿ ಬಾಯಿಬಿಟ್ಟು ಕೇಳು," ಎಂದರು. ಮಲ್ಲಣ್ಣ ತಲೆಯಾಡಿಸಿದ. ಕೇಳಲಿಲ್ಲ.

ನಮ್ಮ ಆಯ್ಕೆಯ ಸುದ್ದಿ ಶಹಾಬಾದಕ್ಕೆ ಮುಟ್ಟಿತು. ಮಾಸ್ತರರು ಗೋದಲಿ ಏರಿದ ಕತೆಯೂ ಅದರ ಜೊತೆಗೇ ಹೋಯಿತು.

ಸೇಡಂನ ಪ್ರದರ್ಶನದಲ್ಲಿ ನಾನು ಏನೂ ಗೆಲ್ಲಲಿಲ್ಲ. ಹಗ್ಗ ಹಿಡಿದು ಮೈದಾನ ಸುತ್ತಿದೆ. ಕರಿಮಾರಿ ನನ್ನ ಹಿಂದೆ ಸಾಧುವಾಗಿ ಬಂದು, ಸರಿಯಾಗಿ ಪರೀಕ್ಷಕರ ಮುಂದೆ ಸೆಗಣಿ ಹಾಕಿ, ಅಲ್ಲೇ ಮಲಗಿಬಿಟ್ಟಿತು. ಗೌಡತಿ ಕೊಟ್ಟ ಮಾತಿನಂತೆ ಎಲ್ಲರ ಮುಂದೆ ನಿಲ್ಲಿಸಿ ಹೇಳಿದಳು: "ಮುಂಜಾನೆ ಹೊಟ್ಟಿ ಬಿರಿಯೋಹಂಗ ತಿನ್ನಿಸೀದಿ. ಗೊರಸು ನೋಡು, ಒಂದಾದ್ರೂ ಸಮ ಅದನ? ಬರೂ ವರ್ಷ ಹಿಂಗ ಬಂದ್ರ ಒಳಗ ಬಿಡಂಗಿಲ್ಲ." ನನಗೆ ಅಳು ಬರಲಿಲ್ಲ. ಬರೂ ವರ್ಷ ಎಂದಳಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು. ಹೋರಿಗರುಗಳಲ್ಲಿ ಮೊದಲ ಬಹುಮಾನ ರಾಜಾನಿಗೆ ಬಂತು. ಹಗ್ಗ ಹಿಡಿದವನು ಧಣಿಗಳ ಆಳು. ಮಲ್ಲಣ್ಣ ರೇಶಿಮೆ ರುಮಾಲು ಕಣ್ಣಿನ ಮೇಲೆ ಜಾರಿಸಿಕೊಂಡು ಪಕ್ಕದಲ್ಲಿ ನಿಂತಿದ್ದ. ಪ್ರದರ್ಶನ ಮುಗಿದ ಮೇಲೆ ರಾಜಾ ಧಣಿಗಳ ಗಾಡಿಯ ಹಿಂದೆ ಶಹಾಬಾದಕ್ಕೆ ಹೋಯಿತು.

ಒಂದು ವಾರ ಮಲ್ಲಣ್ಣ ಶಾಲೆಗೆ ಬಂದು ಹೋದ. ಎಂಟನೆಯ ದಿನ ಲೆಕ್ಕದ ಪಾಠದ ನಡುವೆ ಸದ್ದಿಲ್ಲದೆ ಅಳತೊಡಗಿದ. ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟು ಬಂದು ಅವನ ಪಕ್ಕ ಕೂತರು. ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ಆ ಭಾನುವಾರ ಅವರು ನಾಲವಾರದ ರೈಲು ಹತ್ತಲಿಲ್ಲ, ಮಲ್ಲಣ್ಣನನ್ನು ಕರೆದುಕೊಂಡು ಶಹಾಬಾದಕ್ಕೆ ಹೊರಟರು. ಅಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಅತ್ತೆಗೆ ಸಂಡಿಗೆ ಕೊಟ್ಟು ಬರುತ್ತೇನೆಂದು ಹಟ ಮಾಡಿ ನಾನೂ ಹೊರಟೆ. ಸಂಡಿಗೆ ಕೊಟ್ಟು ಮುಗಿಸಿ ಧಣಿಗಳ ಮನೆಗೆ ಹೋದೆವು.

ಆ ದಿನ ಕಾಲು ತೊಳೆಸಲಿಲ್ಲ, ಎಲೆ ಹಾಕಲಿಲ್ಲ. ಮಾಸ್ತರರು ಅಂಗಳದಲ್ಲಿ ನಿಂತೇ ಹೇಳಿದರು. "ಧಣೇರ, ಹುಡುಗನ ಕರ ಒಯ್ಲಿಕ್ಕ ಬಂದೀವ್ರಿ."

ಧಣಿಗಳು ಜೋಕಾಲಿ ನಿಲ್ಲಿಸಿದರು. ಸಿಟ್ಟಾಗುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ನಕ್ಕರು. "ಒಯ್ಯಿರಿ ಮಾಸ್ತರ, ಯಾರು ಬ್ಯಾಡ ಅಂತಾರ? ಕರ ಕೊಟಿಗ್ಯಾಗ ಅದ, ಕಡೀಕ. ಒಂದೇ ಮಾತು. ನೀವೇ ಒಳಗ ಹೋಗಿ, ನೀವೇ ಬಿಚ್ಚಿ, ನೀವೇ ಹಿಡಕೊಂಡು ಅಗಸಿ ಬಾಗ್ಲಾ ದಾಟಿಸಬೇಕು. ಹುಡುಗ ಮುಟ್ಟಬಾರದು, ನಮ್ಮ ಆಳೂ ಮುಟ್ಟಂಗಿಲ್ಲ. ದಾಟಿಸಿದ್ರ ಕರ ನಿಮ್ಮದು."

ಆಳುಗಳು ಕೆಲಸ ಬಿಟ್ಟು ಸಾಲಾಗಿ ನಿಂತರು. ಮೇಲಿನ ಕಿಟಕಿಗಳಲ್ಲಿ ಹೆಂಗಸರು ಮಕ್ಕಳು ತುಂಬಿಕೊಂಡರು. ಕೊಟ್ಟಿಗೆಯ ಬಾಗಿಲಿಂದ ಒಳಗೆ ಎರಡೂ ಬದಿಗೆ ಮದವೇರಿದ ದೊಡ್ಡ ಹೋರಿಗಳು, ಮಾರುದ್ದ ಕೊಂಬಿನವು. ನಡುವೆ ಒಬ್ಬ ಮನುಷ್ಯ ಹೋಗುವಷ್ಟೇ ದಾರಿ. ಮಾಸ್ತರರು ಕೋಟು ತೆಗೆದು ನನ್ನ ಕೈಗೆ ಕೊಟ್ಟರು. ಏನೋ ಯೋಚಿಸಿ ಅದನ್ನು ಇಸಿದುಕೊಂಡು ಮತ್ತೆ ಹಾಕಿಕೊಂಡರು. ನಶ್ಯ ಏರಿಸಿದರು. ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಯಾರೋ ಕಿಸಕ್ಕೆಂದರು. ಮಲ್ಲಣ್ಣ ಅವರ ಮುಖವನ್ನೇ ನೋಡುತ್ತಿದ್ದ, ನಗದೆ, ರೆಪ್ಪೆ ಬಡಿಯದೆ. ಮಾಸ್ತರರು ಅವನನ್ನು ಒಮ್ಮೆ ನೋಡಿ, ಕಣ್ಣು ಅರ್ಧ ಮುಚ್ಚಿ, ಒಳಗೆ ನುಗ್ಗಿದರು.

ಒಳಗಿನಿಂದ ಅವರ ದನಿ ಕೇಳತೊಡಗಿತು. "ಉನ್ನೀಸ್ ಏಕಂ ಉನ್ನೀಸ್! ಉನ್ನೀಸ್ ದೂನೀ ಅಡತೀಸ್!" ಹತ್ತೊಂಬತ್ತರ ಮಗ್ಗಿ, ಉರ್ದುವಿನಲ್ಲಿ, ಇಡೀ ಶಹಾಬಾದಕ್ಕೆ ಕೇಳುವಂತೆ. ಹೋರಿಗಳು ಕಾಲು ಬಡಿದವು, ಸರಪಳಿ ಗಲಗಲ ಅಂದಿತು. "ಉನ್ನೀಸ್ ತೀಯಾ ಸತ್ತಾವನ್! ಅಯ್ಯೋ ಯವ್ವಾ!" ಮತ್ತೆ ಸದ್ದಿಲ್ಲ. ಮಲ್ಲಣ್ಣ ನನ್ನ ಕೈ ಹಿಡಿದ. ನಾನು ನಗಲಿಲ್ಲ, ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. "ಉನ್ನೀಸ್ ಚೌಕೇ..." ಎಂದು ಸಣ್ಣಗೆ ಶುರುವಾಯಿತು.

ಮಾಸ್ತರರು ಹೊರಗೆ ಬಂದರು. ಬೆನ್ನು ಕರುವಿನ ಕಡೆ, ಮುಖ ನಮ್ಮ ಕಡೆ. ಹಗ್ಗ ಎಳೆಯುತ್ತಿರಲಿಲ್ಲ, ಸಡಿಲವಾಗಿ ಹಿಡಿದು ಮುಂದೆ ನಡೆಯುತ್ತಿದ್ದರು, ಕಟ್ಟೆಯ ಮೇಲಿಂದ ನಮಗೆ ಹೇಳಿಕೊಡುತ್ತಿದ್ದಂತೆ. ಮುಖದಲ್ಲಿ ರಕ್ತವಿರಲಿಲ್ಲ. ರಾಜಾ ಅವರ ಕೋಟಿನ ಜೇಬು ನೆಕ್ಕುತ್ತ ಹಿಂದೆ ಬಂತು. ಒಂದೊಂದು ಸಲ ನೆಕ್ಕಿದಾಗಲೂ ಅವರ ಹೆಗಲು ಕಿವಿಯವರೆಗೆ ಏರುತ್ತಿತ್ತು. ಹಾಗೇ ಅಂಗಳ ದಾಟಿದರು, ಅಗಸಿ ದಾಟಿದರು. ಮೇಲಿನ ಕಿಟಕಿಯಿಂದ ಧಣಿಗಳ ತಾಯಿ ಇರಬೇಕು, ಮುದುಕಿಯೊಬ್ಬಳು, "ಹುಶಾರ್ ಹೋಗ್ರಿ ಮಾಸ್ತರ," ಎಂದು ಕೂಗಿದಳು. ಧಣಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ, ಅಷ್ಟು ಹೇಳಲೇಬೇಕು.

ಬೀದಿಗೆ ಬಂದ ಮೇಲೆ ಮಲ್ಲಣ್ಣ ಹಗ್ಗಕ್ಕೆ ಕೈ ಚಾಚಿದ. "ತಡಿಯೋ," ಎಂದರು ಮಾಸ್ತರರು, ಹಲ್ಲು ಕಚ್ಚಿಕೊಂಡೇ. "ಈಗ ಬಿಟ್ರ ನಾ ಇಲ್ಲೇ ಬೀಳ್ತೀನಿ." ಕಲ್ಲಿನ ಗಣಿಗಳನ್ನು ಬಳಸಿ, ಬಿಳಿ ದೂಳಿನ ಹಾದಿಯಲ್ಲಿ ಕಾಗಿಣಾ ಹೊಳೆಯವರೆಗೆ ಅವರೇ ಹಿಡಿದು ನಡೆದರು. ಅಲ್ಲಿ ಬೆರಳುಗಳನ್ನು ಒಂದೊಂದಾಗಿ ನಾವೇ ಬಿಡಿಸಬೇಕಾಯಿತು. ಆಮೇಲೆ ದಂಡೆಯಲ್ಲಿ ಕೂತು, ಮುಖ ತೊಳೆದು, "ತಿನ್ಲಿಕ್ಕ ಏನರ ಅದನೇನು?" ಎಂದು ಕೇಳಿದರು. ಅತ್ತೆ ಕಟ್ಟಿಕೊಟ್ಟ ಬುತ್ತಿಯಲ್ಲಿ ನಮಗೆ ಉಳಿದದ್ದು ಅಷ್ಟಕ್ಕಷ್ಟೇ.

ವಾಡಿ ಹಾಯ್ದು ನಡೆದು ಚಿತ್ತಾಪುರ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮಲ್ಲಣ್ಣನ ಮನೆಯ ಮುಂದೆ ಸಾಹುಕಾರರು ನಿಂತಿದ್ದರು. ಮಗನನ್ನು ನೋಡಿದರು, ಕರುವನ್ನು ನೋಡಿದರು, ಮುಖ ಕೆಂಪಾಯಿತು.

"ಮಾಸ್ತರ, ಇದನ್ನ ತರ್ರಿ ಅಂತ ನಿಮಗ ಯಾರು ಹೇಳಿದ್ರು? ಧಣೇರಿಗಿ ನಾನೇ ಕೊಟ್ಟಿದ್ದೆ. ಅವರು ಆಸೆ ಮಾಡಿದ್ರು, ನಾ ಹೂಂ ಅಂದಿದ್ದೆ."

ಮಾಸ್ತರರು ಮಲ್ಲಣ್ಣನ ಕಡೆ ತಿರುಗಿ, "ನಿನಗ ಇದು ಗೊತ್ತಿತ್ತೇನೋ?" ಎಂದು ಕೇಳಿದರು.

"ಇಲ್ರಿ," ಎಂದ ಮಲ್ಲಣ್ಣ.

"ಸಾಹುಕಾರ್ರ, ತಪ್ಪಾಯ್ತು. ಕರ ನೀವು ತಂದದ್ದು, ನೀವು ಕೊಟ್ಟದ್ದು. ಆದ್ರ ತಿರುಗಿ ಒಯ್ದು ಕಟ್ಟು ಅಂದ್ರ ನನ್ನ ಕೈಲೆ ಆಗಂಗಿಲ್ಲ. ಬೇಕಾದ್ರ ನನ್ನೇ ಕಟ್ರಿ ಅಲ್ಲಿ."

ಸಾಹುಕಾರರು ನಗಲಿಲ್ಲ. ಮಗನ ಕೈಯಿಂದ ಹಗ್ಗ ತೆಗೆದುಕೊಳ್ಳಲು ಮುಂದೆ ಬಂದರು. ಮಲ್ಲಣ್ಣ ಹಗ್ಗವನ್ನು ಬೆನ್ನ ಹಿಂದೆ ಹಿಡಿದ.

"ಅಪ್ಪಾ, ಕೊಡೂ ಮುಂದ ನನಗ ಯಾಕ ಕೇಳಲಿಲ್ಲ?"

ಅವನು ಅಪ್ಪನಿಗೆ ಪ್ರಶ್ನೆ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಾಹುಕಾರರಿಗೂ ಮೊದಲಿರಬೇಕು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಮಲ್ಲಣ್ಣ ಜಾಗ ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ಅವನ ತಾಯಿ ತುಂಬಿದ ಕೊಡ ಹಿಡಿದು ಹೊರಗೆ ಬಂದಳು. ಗಂಡನ ಮುಖ ನೋಡದೆ, ಕರುವಿನ ಕಾಲಿಗೆ ನೀರು ಹಾಕಿ, "ಮುಂಜಾನಿಂದ ನಡದದ, ಹಸದದ. ಒಳಗ ಕರಕೊಂಡು ನಡಿಯೋ," ಎಂದಳು. ಮಲ್ಲಣ್ಣ ಬೆನ್ನು ತಿರುಗಿಸಿ ಒಳಗೆ ನಡೆದ. ರಾಜಾ ಹಿಂದಿನಿಂದ ಹೋಯಿತು. ಸಾಹುಕಾರರು ಕೈ ಇಳಿಸಿ ಅಂಗಡಿಯ ಕಡೆ ಹೊರಟರು.

ಮಾಸ್ತರರ ವರ್ಗಾವಣೆಯ ಆದೇಶ ಬರಲು ಬಹಳ ದಿನ ಬೇಕಾಗಲಿಲ್ಲ. ಕುಂಚಾವರಂಗೆ. ಕಾಡಂಚಿನ ಊರು, ಅಲ್ಲಿನ ಮಕ್ಕಳದು ಅರ್ಧ ತೆಲುಗು, ಮಾಸ್ತರರದು ಅರ್ಧ ಉರ್ದು. ನಮ್ಮ ಶಾಲೆಯ ಕುರ್ಚಿಗೆ ಬೇರೊಬ್ಬರು ಬಂದರು. ಒಳ್ಳೆಯವರೇ, ಗುಂಡಿಯಿದ್ದ ಕೋಟು ಹಾಕುತ್ತಿದ್ದರು.

ಹೊರಡುವ ದಿನ ಬೆಳಿಗ್ಗೆ ಗಾಡಿ ನಮ್ಮ ಮನೆಯ ಮುಂದೆ ನಿಂತಿತ್ತು. ಹಾಸಿಗೆ ಸುರುಳಿ, ಟ್ರಂಕು, ಹತ್ತಲಾರದ ಆ ಸೈಕಲ್ಲು ಎಲ್ಲ ಏರಿದ್ದವು. ನಾನು ಗಾಡಿಯ ಗಾಲಿ ಹಿಡಿದು ನಿಂತಿದ್ದೆ. ಅವರು ಗಾಡಿಯ ಹಿಂಬದಿಯಲ್ಲಿ, ಎತ್ತುಗಳಿಂದ ದೂರ ಕೂತು ಎಲ್ಲರೊಡನೆ ಚೇಷ್ಟೆ ಮಾಡುತ್ತಿದ್ದರು, ಕುಂಚಾವರಂನ ಸೀತಾಫಲದ ರುಚಿಯ ಬಗ್ಗೆ ದೊಡ್ಡ ಭಾಷಣವೇ ನಡೆದಿತ್ತು. ನನಗೆ ತಡೆಯಲಾಗಲಿಲ್ಲ.

"ಮಾಸ್ತರ್ರ, ನಿಮಗ ಹೆಡ್ ಮಾಸ್ತರ ಆಗೋ ಆಸೆ ಹೋಯ್ತೇನ್ರಿ?"

ಅವರು ಬಾಗಿ ನನ್ನ ಮುಖ ನೋಡಿದರು. ಮಕ್ಕಳಿಗೆ ಹೇಳುವ ಸುಳ್ಳೊಂದು ಅವರ ಬಾಯಿಗೆ ಬಂದು ತಿರುಗಿ ಹೋದದ್ದು ನನಗೆ ಕಂಡಿತು.

"ಎಲ್ಲಿ ಹೋಗ್ತದವ್ವ," ಎಂದರು. "ಅದ. ಭಾಳ ಅದ."

ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿ, ಆ ಉದ್ದನೆಯ ಮೂಗಿನ ಮೇಲಿಂದ ಹನಿ ಇಳಿಯಿತು. ದೊಡ್ಡವರು ಸತ್ತವರಿಗಾಗಿ ಅಳುವುದನ್ನು ನೋಡಿದ್ದೆ. ಹೀಗೆ, ತಮಗೆ ಬೇಕಾದದ್ದು ಸಿಗಲಿಲ್ಲವೆಂದು ಹುಡುಗರಂತೆ ಎಲ್ಲರೆದುರು ಅಳುವುದನ್ನು ನೋಡಿರಲಿಲ್ಲ. ಗಾಡಿಯವನು ಎತ್ತುಗಳ ಕೊರಳು ನೋಡುತ್ತ ನಿಂತ.

ಅವ್ವ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ತಂದು ಅವರ ಮಡಿಲಿಗೆ ಹಾಕಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ದಾರ್ಯಾಗ ತಿನ್ರಿ ಮಾಸ್ತರ," ಎಂದಳು. ಮಾಸ್ತರರು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡು ಬುತ್ತಿಯ ಗಂಟನ್ನು ಮೂಸಿ ನೋಡಿದರು.

"ರೊಟ್ಟಿಗಿ ಹಚಗೊಳ್ಳಾಕ ಶೇಂಗಾ ಹಿಂಡಿ ಇಟ್ಟೀರೇನ್ರಿ ಅಕ್ಕಾರ?"

"ಇಟ್ಟೀನಿ," ಎಂದಳು ಅವ್ವ. ಗಾಡಿ ಹೊರಟಿತು. ಅದು ಓಣಿಯ ಮೂಲೆ ತಿರುಗುವ ಮೊದಲೇ ಅವರು ಗಂಟು ಬಿಚ್ಚಿದ್ದರು.